ಹೊರಗಿನವರ ಚಕ್ಕುಬಂದಿ: ಒಂದು ಕಿರುಪ್ರಬಂಧದ ಪ್ರಕರಣ ಅಧ್ಯಯನ

ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿ ನಡೆದ ಒಂದು ಎಂ.ಎ. ಕಿರುಪ್ರಬಂಧದ ಕಥೆ ಇದು. ವಿದ್ಯಾರ್ಥಿನಿಯ ಹೆಸರು, ಊರು, ಓದಿದ ಸಂಸ್ಥೆ ಯಾವುದೂ ಇಲ್ಲಿ ಬರುವುದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ. ಇದರಲ್ಲಿ ಬರುವ ತಪ್ಪುಗಳಲ್ಲಿ ದೊಡ್ಡವು ಮಾರ್ಗದರ್ಶಕಿಯಾದ ನನ್ನವು, ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ಹಿನ್ನೆಲೆ

ಕನ್ನಡ ಎಂ.ಎ.ಯ ನಾಲ್ಕನೇ ಸೆಮಿಸ್ಟರು, ತೌಲನಿಕ ಸಾಹಿತ್ಯದ ಪತ್ರಿಕೆ. ‘ಹತ್ತೊಂಬತ್ತನೇ ಶತಮಾನದ ಅಮೆರಿಕನ್ ಸಣ್ಣಕಥೆಗಳಲ್ಲಿ ಹೊರಗಿನವರ ಪರಕೀಯತೆ’ ಎಂಬ ವಿಷಯವನ್ನು ಆರಿಸಿಕೊಟ್ಟವಳು ನಾನೇ. ಏಳು ಕಥೆಗಳ ಪಟ್ಟಿಯನ್ನೂ ಕೊಟ್ಟೆ. ನಥಾನಿಯಲ್ ಹಾಥಾರ್ನ್‌ನ ಎರಡು: ಹೆಂಡತಿಯನ್ನು ಬಿಟ್ಟು ಪಕ್ಕದ ಬೀದಿಯಲ್ಲೇ ಇಪ್ಪತ್ತು ವರ್ಷ ಅಡಗಿ ಬದುಕುವ ‘ವೇಕ್‌ಫೀಲ್ಡ್’ (1835), ಮುಖದ ಮೇಲೆ ಕರಿ ಮುಸುಕು ಹಾಕಿಕೊಂಡು ಸಾಯುವವರೆಗೂ ತೆಗೆಯದ ಪಾದ್ರಿಯ ಕಥೆ (1836). ವಕೀಲರ ಕಚೇರಿಯ ನಕಲುಗಾರನೊಬ್ಬನ ಕಥೆ, ಹರ್ಮನ್ ಮೆಲ್ವಿಲ್‌ನ ‘ಬಾರ್ಟಲ್ಬಿ’ (1853). ರೆಬೆಕಾ ಹಾರ್ಡಿಂಗ್ ಡೇವಿಸ್‌ಳ ‘ಲೈಫ್ ಇನ್ ದಿ ಐರನ್ ಮಿಲ್ಸ್’ (1861), ಬ್ರೆಟ್ ಹಾರ್ಟ್‌ನ ‘ದಿ ಔಟ್‌ಕಾಸ್ಟ್ಸ್ ಆಫ್ ಪೋಕರ್ ಫ್ಲಾಟ್’ (1869), ಮೇರಿ ವಿಲ್ಕಿನ್ಸ್ ಫ್ರೀಮನ್‌ಳ ‘ಎ ನ್ಯೂ ಇಂಗ್ಲೆಂಡ್ ನನ್’, ಕೊನೆಗೆ ಷಾರ್ಲಟ್ ಪರ್ಕಿನ್ಸ್ ಗಿಲ್ಮನ್‌ಳ ‘ದಿ ಯೆಲ್ಲೋ ವಾಲ್‌ಪೇಪರ್’ (1892).

ವಿದ್ಯಾರ್ಥಿನಿ ಚುರುಕು, ಆದರೆ ಇಂಗ್ಲಿಷ್ ಓದು ನಿಧಾನ. ಆಕೆಯ ಅಪ್ಪ ಪತ್ರ ಬರಹಗಾರರು. ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿನ ಮಳಿಗೆಯಲ್ಲಿ ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಬರೆಯುವ ಕಸುಬು. ಬೆಳಿಗ್ಗೆ ಹನ್ನೊಂದರವರೆಗೆ ಈಕೆ ಅಲ್ಲಿ ಕೂತು ಟೈಪು ಮಾಡಿ, ಆಮೇಲೆ ತರಗತಿಗೆ ಬರುತ್ತಿದ್ದಳು. ಆಗ ಅದು ನನಗೆ ಬರೀ ತಡವಾಗಿ ಬರುವುದಕ್ಕೆ ಒಂದು ಕಾರಣವಾಗಿ ಕಂಡಿತ್ತು.

ಸಮಸ್ಯೆ

ಮೊದಲ ಕರಡು ಬಂತು. ಅರವತ್ತು ಚಿಲ್ಲರೆ ಪುಟ, ಏಳು ಅಧ್ಯಾಯ, ಕಥೆಗೊಂದು. ಭಾಷೆ ಚೆನ್ನಾಗಿತ್ತು, ಆದರೆ ಓದುತ್ತ ಹೋದಂತೆ ತೂಕಡಿಕೆ. ಪ್ರತಿ ಅಧ್ಯಾಯವೂ ‘ಹೀಗೆ ಈ ಪಾತ್ರವು ಸಮಾಜದಿಂದ ಬೇರ್ಪಟ್ಟು ಪರಕೀಯ ಪ್ರಜ್ಞೆಯಿಂದ ಬಳಲುತ್ತದೆ’ ಎಂಬ ಅರ್ಥದ ವಾಕ್ಯದಲ್ಲೇ ಮುಗಿಯುತ್ತಿತ್ತು. ನನಗೊಂದು ಕುಚೋದ್ಯ ಹೊಳೆಯಿತು. ಬಾರ್ಟಲ್ಬಿಯ ಅಧ್ಯಾಯದ ಒಂದು ಪುಟ ತೆಗೆದು, ಅವನ ಹೆಸರಿದ್ದಲ್ಲೆಲ್ಲ ಕರಿ ಮುಸುಕಿನ ಪಾದ್ರಿ ಹೂಪರ್‌ನ ಹೆಸರು ಬರೆದು ಆಕೆಯ ಕೈಗೇ ಕೊಟ್ಟು ಓದಿಸಿದೆ. ಆಕೆ ಇಡೀ ಪುಟ ಓದಿ, “ಸರಿಯಾಗೇ ಇದೆಯಲ್ಲ ಮೇಡಂ” ಅಂದಳು. ಆಮೇಲೆ ನೋಡಿ ಮುಖ ಸಣ್ಣದು ಮಾಡಿಕೊಂಡಳು.

ತಪ್ಪು ಎಲ್ಲಿ ಹುಟ್ಟಿತು ಎಂದು ಈಗ ಸುಲಭವಾಗಿ ಹೇಳಬಲ್ಲೆ. ‘ಪರಕೀಯತೆ’ ಎಂಬ ಪದ ನಮ್ಮ ವಿಮರ್ಶೆಗೆ ಬಂದು ಬೇರೂರಿದ್ದು ನವ್ಯದ ಕಾಲದಲ್ಲಿ, ಅಸ್ತಿತ್ವವಾದದ ಜೊತೆಜೊತೆಗೆ. ಆ ಪದದೊಳಗೆ ಒಬ್ಬ ಮನುಷ್ಯ ಮೊದಲೇ ಕೂತಿದ್ದಾನೆ: ಒಂಟಿ, ನಗರವಾಸಿ, ತನ್ನೊಳಗನ್ನು ತಾನೇ ಕೆದಕಿಕೊಳ್ಳುವವನು, ಬಹುಮಟ್ಟಿಗೆ ಗಂಡಸು. 1836ರ ಪಾದ್ರಿಯನ್ನೂ 1861ರ ಕಬ್ಬಿಣದ ಕಾರ್ಖಾನೆಯ ಕೂಲಿಯನ್ನೂ ಆ ಪದದ ಮೂಲಕ ನೋಡಿದರೆ ಕಾಣುವುದು ಮತ್ತೆ ಅದೇ ಮನುಷ್ಯ. ಆ ಪದವನ್ನು ಶೀರ್ಷಿಕೆಯಲ್ಲೇ ಇಟ್ಟುಕೊಟ್ಟವಳು ನಾನು. ಹುಡುಗಿ ಪಾಪ ಅದನ್ನು ಸಾಬೀತು ಮಾಡುತ್ತ ಕೂತಿದ್ದಳು.

ಮಾಡಿದ ಪ್ರಯತ್ನಗಳು

ಮೊದಲು ವರ್ಗೀಕರಣ ಮಾಡಿಸಿದೆ. ತಾವೇ ಹೊರಟು ಹೋದವರು, ಹೊರಗಟ್ಟಿಸಿಕೊಂಡವರು, ಒಳಗೇ ಬಿಟ್ಟುಕೊಳ್ಳದೆ ಉಳಿದವರು ಎಂದು ಮೂರು ಕಂಬಸಾಲು. ವೇಕ್‌ಫೀಲ್ಡ್ ಮೊದಲನೆಯದಕ್ಕೆ, ಪೋಕರ್ ಫ್ಲಾಟ್ ಎಂಬ ಗಣಿ ಊರಿನವರು ಗಡೀಪಾರು ಮಾಡಿದ ನಾಲ್ವರು ಎರಡನೆಯದಕ್ಕೆ, ಡೇವಿಸ್‌ಳ ಕಥೆಯ ಕಾರ್ಖಾನೆ ಕೂಲಿ ಹ್ಯೂ ವುಲ್ಫ್ ಮೂರನೆಯದಕ್ಕೆ. ಎರಡು ದಿನ ಇಬ್ಬರಿಗೂ ಖುಷಿಯೋ ಖುಷಿ. ಮೂರನೇ ದಿನ ಫ್ರೀಮನ್‌ಳ ಲೂಯಿಸಾ ಅಡ್ಡ ಬಂದಳು. ಹಣ ಸಂಪಾದಿಸಲು ಆಸ್ಟ್ರೇಲಿಯಾಕ್ಕೆ ಹೋದ ವರನಿಗಾಗಿ ಹದಿನಾಲ್ಕು ವರ್ಷ ಕಾದವಳು, ಅವನು ಬಂದ ಮೇಲೆ ನಿಶ್ಚಿತಾರ್ಥ ಮುರಿದು ಒಬ್ಬಳೇ ಉಳಿಯುತ್ತಾಳೆ. ಒಂದಿಷ್ಟು ಅಳುತ್ತಾಳೆ. ಮಾರನೇ ಬೆಳಿಗ್ಗೆ ಮಾತ್ರ ಕೈತಪ್ಪಲಿದ್ದ ರಾಜ್ಯವನ್ನು ಉಳಿಸಿಕೊಂಡ ರಾಣಿಯ ಹಾಗೆ ಎದ್ದು ಕೂರುತ್ತಾಳೆ. ಇವಳ ಒಂಟಿತನದಲ್ಲಿ ಬಳಲಿಕೆಯೇ ಇಲ್ಲ. ಬಾರ್ಟಲ್ಬಿಯಂತೂ ಯಾವ ಸಾಲಿಗೂ ಕೂರಲಿಲ್ಲ. ಅವನು ಹೋಗಲೂ ಇಲ್ಲ, ಅವನನ್ನು ಹೊರಗೆ ಹಾಕಲು ಯಾರಿಗೂ ಆಗಲೂ ಇಲ್ಲ. ಕೆಲಸಕ್ಕೆ ಇಟ್ಟುಕೊಂಡು ಒಳಗೆ ಕೂರಿಸಿದ್ದಂತೂ ನಿಜ.

ಆಮೇಲೆ ಇತಿಹಾಸಕ್ಕೆ ಕೈ ಹಾಕಿದೆವು. ಬಾರ್ಟಲ್ಬಿಯ ಕಥೆ ನಡೆಯುವ ನ್ಯೂಯಾರ್ಕಿನ ಜನಸಂಖ್ಯೆ 1820ರಲ್ಲಿ ಸುಮಾರು 1,24,000 ಇದ್ದದ್ದು 1850ಕ್ಕೆ 5,15,000 ದಾಟಿತ್ತು. ಮೂವತ್ತು ವರ್ಷದಲ್ಲಿ ನಾಲ್ಕು ಪಟ್ಟು. ಪರಿಚಯವಿಲ್ಲದವನ ಪಕ್ಕದಲ್ಲಿ ಕೂತು ದುಡಿಯುವುದು ಅಲ್ಲಿಯವರಿಗೆ ಆಗತಾನೆ ಅಭ್ಯಾಸವಾಗುತ್ತಿದ್ದ ಸಂಗತಿ. ಇದೆಲ್ಲ ಬೇಕಾದ ಮಾತೇ. ಆದರೆ ಆಕೆಯ ಕರಡಿನಲ್ಲಿ ಇತಿಹಾಸ ಒಂದು ಕಡೆ, ಕಥೆ ಒಂದು ಕಡೆ, ನಡುವೆ ‘ಈ ಹಿನ್ನೆಲೆಯಲ್ಲಿ’ ಎಂಬ ಒಂದೇ ಪದದ ಸೇತುವೆ.

ಮೂರನೆಯದು ಪ್ರಯತ್ನ ಅಂತ ಮಾಡಿದ್ದೇ ಅಲ್ಲ. ಆಕೆಗೆ ಇಂಗ್ಲಿಷ್ ತೊಡಕಾಗುತ್ತಿತ್ತು, ಹಾಗಾಗಿ ಬಾರ್ಟಲ್ಬಿಯ ಹತ್ತು ಪುಟವನ್ನು ಕನ್ನಡಕ್ಕೆ ಮಾಡಿಕೊಂಡು ಬಾ ಅಂದೆ. ನನಗೆ ಒಂದು ವಾರದ ಬಿಡುವು ಸಿಕ್ಕರೆ ಸಾಕಿತ್ತು.

ತಿರುವು

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ವಾಲ್ ಸ್ಟ್ರೀಟಿನಲ್ಲಿ ಒಬ್ಬ ವಯಸ್ಸಾದ ವಕೀಲ. ಕಥೆ ಹೇಳುವವನೂ ಅವನೇ, ಕೊನೆಯವರೆಗೂ ತನ್ನ ಹೆಸರು ಹೇಳುವುದಿಲ್ಲ. ಕೋರ್ಟಿನಲ್ಲಿ ವಾದ ಮಾಡುವ ಪೈಕಿಯಲ್ಲ, ಶ್ರೀಮಂತರ ಆಸ್ತಿಪತ್ರ ಬರೆಯುವುದು, ಹಕ್ಕುಪತ್ರ ತಪಾಸಣೆ ಮಾಡುವುದು ಅವನ ಕಸುಬು. ಟರ್ಕಿ, ನಿಪ್ಪರ್ಸ್ ಎಂಬ ಅಡ್ಡಹೆಸರಿನ ಇಬ್ಬರು ನಕಲುಗಾರರಿದ್ದಾರೆ, ಮೊದಲನೆಯವನಿಗೆ ಮಧ್ಯಾಹ್ನದ ಮೇಲೆ ತಲೆ ಕೆಡುತ್ತದೆ, ಎರಡನೆಯವನಿಗೆ ಮಧ್ಯಾಹ್ನದವರೆಗೆ. ಜೊತೆಗೆ ಹನ್ನೆರಡು ವರ್ಷದ ಒಬ್ಬ ಹುಡುಗ. ಕೆಲಸ ಹೆಚ್ಚಾಗಿ ಬಾರ್ಟಲ್ಬಿಯನ್ನು ಇಟ್ಟುಕೊಳ್ಳುತ್ತಾರೆ. ನೂರು ಪದ ನಕಲು ಮಾಡಿದರೆ ನಾಲ್ಕು ಸೆಂಟ್. ಹಸಿದವನ ಹಾಗೆ ಹಗಲೂ ರಾತ್ರಿ ಬರೆಯುತ್ತಾನೆ. ಮೂರನೇ ದಿನ ವಕೀಲರು ಒಂದು ಸಣ್ಣ ಕಾಗದವನ್ನು ಮೂಲದ ಜೊತೆ ತಾಳೆ ನೋಡಲು ಕರೆದಾಗ, ಮೆತ್ತಗೆ, ಆದರೆ ದೃಢವಾಗಿ, ‘ಐ ವುಡ್ ಪ್ರಿಫರ್ ನಾಟ್ ಟು’ ಅಂದುಬಿಡುತ್ತಾನೆ.

ಈ ಐದು ಪದಕ್ಕೆ ಹುಡುಗಿ ಒಂದು ವಾರ ತಿಣುಕಿದಳು. ಮೊದಲು ಬರೆದು ತಂದದ್ದು ‘ನಾನು ಅದನ್ನು ಮಾಡದಿರಲು ಆದ್ಯತೆ ನೀಡುತ್ತೇನೆ’. ಸುತ್ತೋಲೆಯ ಕನ್ನಡ, ಇಬ್ಬರೂ ನಕ್ಕೆವು. ‘ಆಗೋದಿಲ್ಲ’ ಎಂದು ಹಾಕಿ ನೋಡಿದೆವು. ನಮ್ಮ ಕಚೇರಿಗಳಲ್ಲಿ ದಿನಕ್ಕೆ ನೂರು ಸಲ ಕೇಳುವ ನಿರಾಕರಣೆ ಅದು, ಆದರೆ ‘ಆಗಲ್ಲ ಸಾರ್’ ಅನ್ನುವಾಗ ತಪ್ಪು ಕೆಲಸದ ಮೇಲೆ ಬೀಳುತ್ತದೆ, ಹೇಳಿದವನು ಪಾರಾಗುತ್ತಾನೆ. ಬಾರ್ಟಲ್ಬಿ ಹಾಗೆ ನುಣುಚಿಕೊಳ್ಳುವುದಿಲ್ಲ. ‘ಒಲ್ಲೆ’? ಉತ್ತರ ಕರ್ನಾಟಕದವರ ಬಾಯಲ್ಲಿ ಅದೊಂದು ಅಪ್ಪಟ ಪದ, ವಚನಗಳಲ್ಲೂ ಮಿಂಚುತ್ತದೆ. ಆದರೆ ಅದರಲ್ಲಿ ಜಗಳದ ಕಾವಿದೆ. ವಕೀಲರೇ ಒಮ್ಮೆ ‘ಮಾಡೋದಿಲ್ಲವೇನು?’ ಎಂದು ಕೆಣಕಿದರೆ ಬಾರ್ಟಲ್ಬಿ ಆ ಕಾವನ್ನು ಒಪ್ಪದೆ ಮತ್ತೆ ತನ್ನ ಅದೇ ಪದಕ್ಕೆ ಮರಳುತ್ತಾನೆ. ‘ನನಗೆ ಬೇಡ ಅನಿಸುತ್ತದೆ’ ಅಂದರೆ ಅದು ಅವನಿಗೆ ಬಂದೊದಗಿದ ಒಂದು ಅನಿಸಿಕೆಯಾಗುತ್ತದೆ, ಜ್ವರ ಬಂದ ಹಾಗೆ.

ಕೊನೆಗೆ ಆಕೆ ತಂದದ್ದು ‘ಮಾಡದೆ ಇರುವುದೇ ನನಗೆ ವಾಸಿ’. ಇದು ನಿಂತಿತು. ಕಥೆಯಲ್ಲಿ ಆ ‘ಪ್ರಿಫರ್’ ಪದ ಕಚೇರಿಯಲ್ಲೆಲ್ಲ ಅಂಟುರೋಗದ ಹಾಗೆ ಹರಡುತ್ತದೆ, ವಕೀಲರಿಗೂ ಗುಮಾಸ್ತರಿಗೂ ಗೊತ್ತಿಲ್ಲದೆ ನಾಲಗೆಗೆ ಬರುತ್ತದೆ. ‘ವಿಚಿತ್ರ ಪದ, ನಾನಂತೂ ಬಳಸುವುದಿಲ್ಲ’ ಎನ್ನುವ ಟರ್ಕಿ ಮರುಗಳಿಗೆಯೇ ಬಳಸುತ್ತಾನೆ. ‘ವಾಸಿ’ಯನ್ನು ಅಲ್ಲೆಲ್ಲ ಕೂರಿಸಿ ನೋಡಿದರೆ ಸಲೀಸಾಗಿ ಕೂತಿತು.

ನಿಜವಾದ ತಿರುವು ಇದಲ್ಲ. ಅನುವಾದದ ಹಾಳೆ ತಂದ ದಿನ ಆಕೆ ಮಾತಿನ ನಡುವೆ, “ಮೇಡಂ, ಇವನು ಬರೆಯೋದನ್ನ ನಿಲ್ಲಿಸಿಲ್ಲ. ತಾಳೆ ನೋಡೋದನ್ನ ಮಾತ್ರ ಒಲ್ಲೆ ಅಂತಾನೆ” ಅಂದಳು. ಅದರಲ್ಲೇನು ಅಂದೆ. ಆಕೆ ಅಪ್ಪನ ಮಳಿಗೆಯ ಪದ್ಧತಿ ವಿವರಿಸಿದಳು. ಪತ್ರವನ್ನು ಒಬ್ಬರೇ ಕೂತು ಬರೆಯಬಹುದು, ಟೈಪು ಮಾಡಬಹುದು. ತಾಳೆ ನೋಡಲು ಇಬ್ಬರು ಬೇಕು. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ನಕಲಿನ ಮೇಲೆ ಬೆರಳಿಟ್ಟು ಹೂಂ ಅನ್ನುತ್ತ ಹೋಗಬೇಕು. ಸರ್ವೆ ನಂಬರು ಬಂದಾಗ ಎರಡು ಸಲ. ಒಬ್ಬರ ಉಸಿರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ ಕೂರಬೇಕು.

ಪುಸ್ತಕ ತೆಗೆದು ಇಬ್ಬರೂ ನೋಡಿದೆವು. ಬಾರ್ಟಲ್ಬಿ ಮೊದಮೊದಲು ಬೇಡವೆನ್ನುವುದೆಲ್ಲ ಅಂಥವೇ. ತಾಳೆ ನೋಡುವುದು. ಮೂರು ನಿಮಿಷದ ದಾರಿಯ ಅಂಚೆ ಕಚೇರಿಗೆ ಹೋಗಿಬರುವುದು. ಪಕ್ಕದ ಕೋಣೆಯಿಂದ ನಿಪ್ಪರ್ಸನನ್ನು ಕರೆಯುವುದು. ಇನ್ನೊಬ್ಬ ಮನುಷ್ಯ ಬೇಕಾಗುವ ಕೆಲಸ ಯಾವುದೂ ಬೇಡ. ಒಬ್ಬನೇ ಮಾಡುವ ನಕಲನ್ನು ಬಹಳ ದಿನ ಮಾಡುತ್ತಲೇ ಇರುತ್ತಾನೆ, ನಿಲ್ಲಿಸುವುದು ಆಮೇಲೆ. ಈ ಕಥೆಯನ್ನು ಹತ್ತಾರು ಸಲ ಪಾಠ ಮಾಡಿದ್ದೇನೆ, ನನ್ನ ಕಣ್ಣಿಗೆ ಇದು ಬಿದ್ದಿರಲಿಲ್ಲ.

ಅಲ್ಲಿಗೆ ನಿಲ್ಲಿಸಲಿಲ್ಲ ಆಕೆ. “ಇವನ ಜಾಗಕ್ಕೆ ಒಂದು ಚಕ್ಕುಬಂದಿ ಬರೀಲಾ?” ಎಂದು ಕೇಳಿದಳು. ಆಸ್ತಿಪತ್ರ ನೋಡಿದವರಿಗೆ ಚಕ್ಕುಬಂದಿ ಗೊತ್ತು: ಪೂರ್ವಕ್ಕೆ ಇಂಥವರ ಸ್ವತ್ತು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಗಲ್ಲಿ. ನಿವೇಶನ ಎಂಥದು ಎಂದು ಅದರಲ್ಲಿ ಒಂದು ಮಾತೂ ಇರುವುದಿಲ್ಲ. ಅಕ್ಕಪಕ್ಕ ಯಾರಿದ್ದಾರೆ ಎಂಬುದರಿಂದಲೇ ಅದರ ಗುರುತು.

ಆಕೆ ಬರೆದದ್ದು ಹೀಗಿತ್ತು. ಬಾರ್ಟಲ್ಬಿಯ ಮೇಜಿಗೆ ಒಂದು ಕಡೆ ಸಣ್ಣ ಕಿಟಕಿ, ಅದರಿಂದ ಮೂರಡಿ ದೂರದಲ್ಲಿ ಗೋಡೆ. ಒಂದು ಕಡೆ ಮಡಚು ಬಾಗಿಲು, ಅದರಾಚೆ ಉಳಿದ ಗುಮಾಸ್ತರು. ಇನ್ನೊಂದು ಕಡೆ ವಕೀಲರ ಮೇಜು, ನಡುವೆ ಎತ್ತರದ ಹಸಿರು ಪರದೆ. ಪರದೆ ನಿಲ್ಲಿಸಿದವರು ವಕೀಲರು. ಕಾರಣವನ್ನೂ ಅವರೇ ಸಂತೋಷದಿಂದ ಹೇಳಿಕೊಳ್ಳುತ್ತಾರೆ: ಕರೆದರೆ ದನಿ ಕೇಳಬೇಕು, ಆದರೆ ಕಣ್ಣಿಗೆ ಬೀಳಬಾರದು. ಕೊನೆಗೆ ಬಾರ್ಟಲ್ಬಿ ಕದಲದಿದ್ದಾಗ ವಕೀಲರೇ ಕಚೇರಿ ಬದಲಿಸುತ್ತಾರೆ. ಸಾಮಾನೆಲ್ಲ ಹೋಗುತ್ತದೆ. ಕಟ್ಟಕಡೆಗೆ ತೆಗೆಯುವುದು ಆ ಪರದೆಯನ್ನು. ಅದನ್ನು ದೊಡ್ಡ ಹಾಳೆಯ ಹಾಗೆ ಮಡಚಿ ಒಯ್ದಾಗ, ಬರಿದಾದ ಕೋಣೆಯಲ್ಲಿ ಅವನೊಬ್ಬ ನಿಂತಿರುತ್ತಾನೆ.

ಆ ಹೊತ್ತಿಗೆ ಪ್ರಬಂಧದ ಪ್ರಶ್ನೆ ಬದಲಾಗಿತ್ತು. ಹೊರಗಿನವನ ಮನಸ್ಸಿನಲ್ಲಿ ಏನಿದೆ ಎಂದು ಕೇಳುವುದನ್ನು ಬಿಟ್ಟೆವು. ಅವನ ನಾಲ್ಕು ಗಡಿಯಲ್ಲಿ ಯಾರಿದ್ದಾರೆ, ಗಡಿ ಹಾಕಿದವರು ಯಾರು, ಕಥೆ ಹೇಳುತ್ತಿರುವವರು ಗಡಿಯ ಯಾವ ಕಡೆ ಕೂತಿದ್ದಾರೆ, ಇಷ್ಟೇ ಕೇಳುವುದು. ಆಕೆ ಬಾರ್ಟಲ್ಬಿ ಆಡಿದ ಮಾತಿಗೆಲ್ಲ ಹಸಿರು ಪೆನ್ಸಿಲಿನಿಂದ ಗೆರೆ ಎಳೆದಳು. ಪುಟಗಟ್ಟಲೆ ಮಗುಚಿದರೂ ಹಸಿರು ಕಾಣುತ್ತಿರಲಿಲ್ಲ. ಉಳಿದದ್ದೆಲ್ಲ ವಕೀಲರದು.

ಆಮೇಲೆ ನಡೆದದ್ದು

ಉಳಿದ ಕಥೆಗಳಿಗೂ ಒಂದೊಂದು ಚಕ್ಕುಬಂದಿ ಬರೆದಾಗ ಪ್ರತಿಯೊಂದೂ ಬೇರೆ ಬೇರೆ ಮುಖ ತೋರಿಸಿತು. ಡೇವಿಸ್‌ಳ ಕಥೆಯಲ್ಲಿ ನಿರೂಪಕರು ಕಾರ್ಖಾನೆ ಊರಿನ ಒಂದು ಮನೆಯ ಕಿಟಕಿಯಲ್ಲಿ ನಿಂತಿದ್ದಾರೆ. ನಿಮ್ಮ ಅಸಹ್ಯ ಬಚ್ಚಿಡಿ, ಬಟ್ಟೆ ಕೊಳೆಯಾದರೆ ಆಗಲಿ, ನನ್ನ ಜೊತೆ ಕೆಳಗೆ ಇಳಿದು ಬನ್ನಿ ಎಂದು ಓದುಗರನ್ನು ಕರೆಯುತ್ತಾರೆ. ಗಡಿ ಎಲ್ಲಿದೆ ಎಂದು ಮೊದಲೇ ಒಪ್ಪಿಕೊಂಡ ಕಥೆ ಅದು. ಹ್ಯೂ ವುಲ್ಫ್ ವೇಲ್ಸ್ ಮೂಲದ ಕೂಲಿ. ಕಬ್ಬಿಣ ಕರಗಿಸಿದ ಮೇಲೆ ಉಳಿಯುವ ಕಸರಿನಲ್ಲಿ ಒಂದು ಹೆಂಗಸಿನ ಆಕೃತಿ ಕೆತ್ತಿದ್ದಾನೆ. ರಾತ್ರಿ ಕಾರ್ಖಾನೆ ನೋಡಲು ಬಂದ ದೊಡ್ಡ ಮನುಷ್ಯರು ಆ ಆಕೃತಿಯ ಅರ್ಥ ಕೇಳುತ್ತಾರೆ. ‘ಅವಳಿಗೆ ಹಸಿವು’ ಅನ್ನುತ್ತಾನೆ. ಅನ್ನದ ಹಸಿವಲ್ಲವಂತೆ. ಹಾಗಾದರೆ ವಿಸ್ಕಿಯೇ ಎಂದು ಯಜಮಾನರ ಮಗ ತಮಾಷೆ ಮಾಡುತ್ತಾನೆ. ಹ್ಯೂ ಆ ತಮಾಷೆಯನ್ನೂ ಗಂಭೀರವಾಗಿ ತೂಗಿ ನೋಡಿ, ಬದುಕಿಸುವಂಥದ್ದು ಏನೋ ಬೇಕು, ವಿಸ್ಕಿಯೂ ಒಂದು ಥರ ಅದನ್ನು ಮಾಡುತ್ತದೆ ಅನ್ನುತ್ತಾನೆ. ನಿನಗೆ ಪ್ರತಿಭೆ ಇದೆ, ಏನು ಬೇಕಾದರೂ ಆಗಬಲ್ಲೆ ಎಂದು ಡಾಕ್ಟರು ಹುರಿದುಂಬಿಸುತ್ತಾರೆ. ‘ಸಹಾಯ ಮಾಡ್ತೀರಾ?’ ಎಂದು ಅವನು ಕೇಳಿದ ಕ್ಷಣ ಡಾಕ್ಟರ ಹತ್ತಿರ ಅನುಕೂಲ ಇರುವುದಿಲ್ಲ.

ಈ ಒಂದು ಪುಟದ ಮೇಲೆ ಆಕೆ ಎಂಟು ಪುಟ ಬರೆದಳು. ನಾನು ಒಂದು ಸಾಲೂ ತೆಗೆಯಲಿಲ್ಲ. ಬೇಲಿ ಎಲ್ಲಿದೆ ಎಂದು ಇಬ್ಬರಿಗೂ ಗೊತ್ತಾಗುವುದು ಆ ಪ್ರಶ್ನೆ ಕೇಳಿದಾಗಲೇ. ಕಳವಿನ ಆರೋಪದಲ್ಲಿ ಹತ್ತೊಂಬತ್ತು ವರ್ಷದ ಶಿಕ್ಷೆಯಾಗಿ ಹ್ಯೂ ಜೈಲಿನಲ್ಲೇ ಪ್ರಾಣ ಕಳೆದುಕೊಳ್ಳುತ್ತಾನೆ. ಆಕೃತಿ ಮಾತ್ರ ಉಳಿಯುತ್ತದೆ, ನಿರೂಪಕರ ಪುಸ್ತಕದ ಕೋಣೆಯ ಮೂಲೆಯಲ್ಲಿ, ಒಂದು ಪರದೆಯ ಹಿಂದೆ. ವಕೀಲರ ಹಸಿರು ಪರದೆ, ಪಾದ್ರಿಯ ಕರಿ ಮುಸುಕು, ಈ ಪರದೆ: ಮೂರನ್ನೂ ಆಕೆ ಪಕ್ಕಪಕ್ಕ ಇಟ್ಟಳು. ಮುಸುಕನ್ನು ಹೂಪರ್ ತಾನೇ ಹಾಕಿಕೊಂಡದ್ದು, ಉಳಿದೆರಡು ಒಳಗಿನವರು ಎಳೆದದ್ದು. ಹೆಸರು ಬದಲಿಸಿದರೂ ನಡೆಯುತ್ತಿದ್ದ ಆ ಹಳೆಯ ಪುಟ ಈಗ ನಡೆಯುವ ಹಾಗಿರಲಿಲ್ಲ.

ಬ್ರೆಟ್ ಹಾರ್ಟ್‌ನ ಕಥೆಯಲ್ಲಿ ಗಡಿ ಅಕ್ಷರಶಃ ಊರಿನ ಗಡಿ. 1850ರ ನವೆಂಬರ್ 23ರ ಬೆಳಿಗ್ಗೆ, ಇದ್ದಕ್ಕಿದ್ದಂತೆ ನೀತಿವಂತರಾದ ಊರಿನವರು ಜೂಜುಗಾರ ಓಕ್‌ಹರ್ಸ್ಟ್, ಇಬ್ಬರು ಹೆಂಗಸರು, ಒಬ್ಬ ಕುಡುಕ ಕಳ್ಳನನ್ನು ಕರೆದೊಯ್ದು ಊರಾಚೆ ಬಿಡುತ್ತಾರೆ. ಓಕ್‌ಹರ್ಸ್ಟ್‌ನನ್ನು ನೇಣು ಹಾಕಿ ತಾವು ಕಳೆದುಕೊಂಡ ಹಣ ಭರ್ತಿ ಮಾಡಿಕೊಳ್ಳೋಣ ಎಂದು ಸಮಿತಿಯ ಕೆಲವರು ಒತ್ತಾಯಿಸಿದ್ದರಂತೆ. ಅವನ ಕೈಯಿಂದ ಹಣ ಗೆದ್ದಿದ್ದವರಿಂದಾಗಿ ಅವನ ಜೀವ ಉಳಿಯಿತು. ಇದನ್ನು ಓದಿ ಆಕೆ ಜೋರಾಗಿ ನಕ್ಕಳು, ಗ್ರಾಮ ಪಂಚಾಯ್ತಿಯ ನೆನಪಾಯಿತಂತೆ.  ಮುಂದೆ ಬೆಟ್ಟದ ದಾರಿಯಲ್ಲಿ, ಓಡಿಹೋಗಿ ಮದುವೆಯಾಗಲು ಹೊರಟಿದ್ದ ಎಳೆಯ ಜೋಡಿಯೊಂದು ಅವರನ್ನು ಸೇರಿಕೊಳ್ಳುತ್ತದೆ, ಆಮೇಲೆ ಹಿಮ ಬಿದ್ದು ದಾರಿ ಮುಚ್ಚಿ ಎಲ್ಲರೂ ಒಂದು ಗುಡಿಸಿಲಲ್ಲಿ ಸಿಕ್ಕಿಕೊಳ್ಳುತ್ತಾರೆ. ಇವರು ಬಹಿಷ್ಕೃತರು ಎಂಬುದೇ ಆ ಜೋಡಿಗೆ ಗೊತ್ತಿಲ್ಲ. ಒಳಗೆ ಅಂತ ಒಂದು ಊರೇ ಇಲ್ಲದ ಆ ಗುಡಿಸಿಲಲ್ಲಿ ಹೊರಗಿನವರೂ ಇರುವುದಿಲ್ಲ. ತಿಂಗಳ ಹಿಂದೆ ಕೈಬಿಟ್ಟಿದ್ದ ವರ್ಗೀಕರಣದಲ್ಲಿ ಇದು ‘ಹೊರಗಟ್ಟಿಸಿಕೊಂಡವರು’ ಎಂಬ ಒಂದು ಸಾಲು ಮಾತ್ರ ಆಗಿತ್ತು.

ವೇಕ್‌ಫೀಲ್ಡ್ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಎಲ್ಲೋ ಹಳೆಯ ಪತ್ರಿಕೆಯಲ್ಲಿ ಓದಿದ ಸುದ್ದಿಯ ಮೇಲೆ ತಾನೇ ಊಹಿಸಿ ಕಟ್ಟುತ್ತಿದ್ದೇನೆ ಎಂದು ನಿರೂಪಕನೇ ಹೇಳಿಬಿಡುತ್ತಾನೆ. ಅಮೆರಿಕನ್ ಲೇಖಕ ಲಂಡನ್ನಿನ ಬೀದಿಯಲ್ಲಿಟ್ಟ ಕಥೆ ಅದು, ನಮ್ಮ ಪ್ರಬಂಧದಲ್ಲಿ ಅದಕ್ಕೆ ಎರಡು ಪುಟ ಸಾಕಾಯಿತು.

ಈ ಹೊತ್ತಿಗೆ ಆಕೆ ತಾನಾಗಿಯೇ ಎಂಟನೆಯ ಕಥೆ ಸೇರಿಸಿದ್ದಳು: ಚಾರ್ಲ್ಸ್ ಚೆಸ್ನಟ್‌ನ ‘ದಿ ವೈಫ್ ಆಫ್ ಹಿಸ್ ಯೂತ್’ (1898). ನೀಲಿ ನರ ಕಾಣುವಷ್ಟು ಬೆಳ್ಳಗಿರುವವರ ಕೂಟ ಎಂದು ಜನ ಆಡಿಕೊಳ್ಳುವ ಒಂದು ಸಂಘ. ಅದರಲ್ಲಿರುವವರೆಲ್ಲ ಮಿಶ್ರ ರಕ್ತದವರು. ಬಿಳಿಯರ ಲೆಕ್ಕದಲ್ಲಿ ಅವರೆಲ್ಲ ಹೊರಗಿನವರೇ. ಆ ಸಂಘದ ಹಿರಿಯ ರೈಡರ್ ಹೊಸ ಸಂಬಂಧ ಕುದುರಿಸಲು ಔತಣ ಏರ್ಪಡಿಸಿದ ದಿನವೇ, ಗುಲಾಮಗಿರಿಯ ಕಾಲದಲ್ಲಿ ಕಳೆದುಹೋದ ಗಂಡನನ್ನು ಇಪ್ಪತ್ತೈದು ವರ್ಷದಿಂದ ಹುಡುಕುತ್ತಿರುವ ಕಪ್ಪು ಮುದುಕಿಯೊಬ್ಬಳು ಬಾಗಿಲಿಗೆ ಬರುತ್ತಾಳೆ. ಹೊರಗಿನವರೊಳಗೇ ಮತ್ತೊಂದು ಒಳಗು, ಅದಕ್ಕೊಂದು ಹೊರಗು. ಜಾತಿಯ ಲೆಕ್ಕ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧ್ಯಾಯದಲ್ಲೂ ಆಕೆ ಬಿಡಿಸಿ ಹೇಳಲಿಲ್ಲ.

ನನ್ನ ಎರಡನೇ ತಪ್ಪು

ಎಲ್ಲ ಸರಿಹೋಯಿತು ಅಂದುಕೊಳ್ಳುವಾಗ ಹಳೆಯ ರೋಗ ಹೊಸ ವೇಷದಲ್ಲಿ ಬಂತು. ಈ ಕಥೆಗಳಲ್ಲಿ ಹೊರಗಿನವನ ಕಥೆ ಹೇಳುವವನು ಯಾವಾಗಲೂ ಒಳಗಿನವನೇ ಎಂಬ ಸೂತ್ರ ನಮ್ಮಿಬ್ಬರಿಗೂ ರುಚಿಸಿಬಿಟ್ಟಿತ್ತು. ಎದುರಿಗೆ ಗಿಲ್ಮನ್‌ಳ ಕಥೆ. ಅಲ್ಲಿ ಹೇಳುವವಳು ಸ್ವತಃ ಕೂಡಿಹಾಕಿಸಿಕೊಂಡ ಹೆಂಗಸು. ಹೆರಿಗೆಯಾಗಿ ಹೆಚ್ಚು ದಿನವಾಗಿಲ್ಲ. ಡಾಕ್ಟರಾದ ಗಂಡ ವಿಶ್ರಾಂತಿ ಎಂಬ ಹೆಸರಿನಲ್ಲಿ ಕಿಟಕಿಗೆ ಸರಳಿರುವ ಮೇಲಿನ ಕೋಣೆಯಲ್ಲಿ ಇರಿಸಿದ್ದಾನೆ. ಬರೆಯುವುದೂ ನಿಷಿದ್ಧ. ಸೂತ್ರ ಮುರಿಯಿತು.

ಸಮಯ ಕಡಿಮೆ ಇತ್ತು. ‘ಅದೊಂದು ಕಥೆ ಬಿಟ್ಟುಬಿಡು, ಅದು ಶತಮಾನದ ಕೊನೆಯದು, ಬೇರೆ ಧಾಟಿಯದು ಎಂದು ಪ್ರಸ್ತಾವನೆಯಲ್ಲಿ ಒಂದು ವಾಕ್ಯ ಬರೆದರಾಯಿತು’ ಎಂದು ನಾನೇ ಸಲಹೆ ಕೊಟ್ಟೆ. ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಅದಕ್ಕಿಂತಲೂ ಕೊನೆಗೆ ಬಂದ ಚೆಸ್ನಟ್‌ನ ಕಥೆಯನ್ನು ಇಟ್ಟುಕೊಂಡು ಇದನ್ನು ಬಿಡು ಎಂದದ್ದು ಎಂಥ ಎಡಬಿಡಂಗಿ ಎಂಬುದೂ ಆಗ ಹೊಳೆಯಲಿಲ್ಲ. ಆಕೆ ಎರಡು ದಿನ ಸುಮ್ಮನಿದ್ದು, ಹಸಿರು ಪೆನ್ಸಿಲು ಹಾಕಿದ ಜೆರಾಕ್ಸ್ ಪ್ರತಿ ತಂದು ಮುಂದಿಟ್ಟಳು. ಈ ಸಲ ಗೆರೆ ಎಳೆದದ್ದು ಗಂಡನ ಮಾತಿಗೆ. ಪುಟಪುಟದಲ್ಲೂ ಅವನೇ. ಜಾನ್ ಹೀಗನ್ನುತ್ತಾನೆ, ಜಾನ್‌ಗೆ ಹೀಗನಿಸುತ್ತದೆ, ಅಗೋ ಜಾನ್ ಬಂದ, ಇದನ್ನು ಮುಚ್ಚಿಡಬೇಕು. ಲೇಖನಿ ಹೊರಗಿನವಳ ಕೈಗೆ ಬಂದರೂ ಒಳಗಿನವನ ದನಿ ಅವಳ ವಾಕ್ಯದೊಳಗೇ ಕೂತಿದೆ. ಅದನ್ನು ಕೊನೆಯ ಅಧ್ಯಾಯವಾಗಿ ಇಟ್ಟೆವು. ಸೂತ್ರವನ್ನು ಕೈಬಿಟ್ಟು, ‘ಏಳು ಕಥೆಯಲ್ಲಿ ಹೀಗೆ, ಒಂದರಲ್ಲಿ ಹೀಗಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆ ಬರೆಯಿಸಿದೆ.

ಫಲ

ಪ್ರಬಂಧ ಹನ್ನೊಂದು ವಾರ ತಡವಾಯಿತು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಒಳ್ಳೆಯ ಮನುಷ್ಯರು, ಪ್ರಶ್ನೆ ಮಾತ್ರ ನೇರವಾಗಿತ್ತು: “ಅಷ್ಟೆಲ್ಲ ಬರೆದಿದ್ದೀರಿ, ಆ ಬಾರ್ಟಲ್ಬಿಗೆ ಕಾಯಿಲೆ ಏನು ಅಂತ ಎಲ್ಲೂ ಹೇಳಿಲ್ಲವಲ್ಲಮ್ಮ?”

ಆಕೆ, “ವಾಸಿಯಾಗದ ಕಾಯಿಲೆ ಅಂತ ವಕೀಲರು ಹೇಳ್ತಾರೆ ಸರ್. ಯಾವಾಗ ಹೇಳ್ತಾರೆ ಅನ್ನೋದು ಮುಖ್ಯ ಅನ್ನಿಸ್ತು” ಅಂದು ಆ ಭಾನುವಾರದ ಭಾಗ ವಿವರಿಸಿದಳು. ವಕೀಲರು ಚರ್ಚಿಗೆ ಹೊರಟವರು ಹೊತ್ತಿದೆಯೆಂದು ಕಚೇರಿಗೆ ಹೋಗುತ್ತಾರೆ. ಒಳಗಿನಿಂದ ಬೀಗದ ಕೈ. ಬಾರ್ಟಲ್ಬಿ ಅಲ್ಲೇ ವಾಸವಾಗಿದ್ದಾನೆ ಎಂದು ಆಮೇಲೆ ತಿಳಿಯುತ್ತದೆ. ಮೇಜಿನ ಕೆಳಗೆ ಸುತ್ತಿಟ್ಟ ಕಂಬಳಿ, ಕುರ್ಚಿಯ ಮೇಲೆ ತಗಡಿನ ಬೋಗುಣಿ, ಸೋಪು, ಹರಕು ಟವೆಲು, ಪೇಪರಿನಲ್ಲಿ ಶುಂಠಿ ಬಿಸ್ಕತ್ತಿನ ಪುಡಿ, ಒಂದು ಚೂರು ಚೀಸು. ವಕೀಲರ ಮನಸ್ಸು ಮೊದಲು ಕರಗುತ್ತದೆ. ಆ ಮರುಕ ಸ್ವಲ್ಪ ಹೊತ್ತಿನಲ್ಲೇ ಭಯವಾಗಿ, ಹೇಸಿಗೆಯಾಗಿ ತಿರುಗುತ್ತದೆ. ಕಾಯಿಲೆ ಎಂಬ ತೀರ್ಮಾನ ಬರುವುದು ಆಗ. ಇವನ ದೇಹಕ್ಕೆ ಭಿಕ್ಷೆ ಹಾಕಬಹುದು, ನೊಂದಿರುವುದು ಆತ್ಮ, ಅದು ನನ್ನ ಕೈಗೆಟುಕದು. ಹಾಗೆಂದುಕೊಂಡ ಮೇಲೆ ವಕೀಲರು ಅವನನ್ನು ಕಳಿಸುವ ಲೆಕ್ಕಾಚಾರ ಶುರು ಮಾಡುತ್ತಾರೆ. ಕೊಡಬೇಕಾದದ್ದು ಹನ್ನೆರಡು ಡಾಲರು, ಇಪ್ಪತ್ತು ಸೇರಿಸಿ ಮೂವತ್ತೆರಡು ಮೇಜಿನ ಮೇಲೆ ಇಡುತ್ತಾರೆ. “ವಾಸಿ ಅನ್ನೋ ಪದ ಮೂರು ಕಡೆ ಬರುತ್ತೆ ಸರ್ ನನ್ನ ಅನುವಾದದಲ್ಲಿ. ಅವನು ಹೇಳೋ ವಾಸಿ, ಅವನು ಅಲ್ಲಿನ ವಾಸಿ ಅನ್ನೋದು, ವಕೀಲರು ಹೇಳೋ ವಾಸಿಯಾಗದ್ದು. ಮೂರನ್ನೂ ಯಾರೂ ತಾಳೆ ನೋಡೋದಿಲ್ಲ.”

ಪರೀಕ್ಷಕರು ತಲೆದೂಗಿದರು. ಸಿದ್ಧಾಂತದ ಭಾಗ ತೆಳು ಎಂದು ಬರೆದು ಅಂಕವನ್ನೂ ಕಡಿಮೆ ಮಾಡಿದರು. ಅದೂ ಸರಿಯೇ, ತೆಳುವಾಗೇ ಇತ್ತು.

ನನ್ನ ಮಟ್ಟಿಗೆ ಕೆಲವು ಪದ್ಧತಿ ಬದಲಾಗಿವೆ. ಭಾವವಾಚಕವನ್ನು ಶೀರ್ಷಿಕೆಯಲ್ಲಿಟ್ಟು ಯಾರಿಗೂ ವಿಷಯ ಕೊಡುವುದಿಲ್ಲ. ಕಥೆ ಓದಿ ಬಂದವರಿಗೆ ಮೊದಲು ಹೇಳುವವರು ಎಲ್ಲಿ ಕೂತಿದ್ದಾರೆ ಎಂದು ನಕ್ಷೆ ಬರೆಯಲು ಹೇಳುತ್ತೇನೆ. ವಿದ್ಯಾರ್ಥಿ ಬೆಳಿಗ್ಗೆ ಎಲ್ಲಿ ದುಡಿದು ಬರುತ್ತಾರೆ ಎಂದೂ ಈಗ ಕೇಳುತ್ತೇನೆ. ಅನುವಾದವನ್ನು ಕೊನೆಗೆ ಇಡದೆ ಆರಂಭದಲ್ಲೇ ಮಾಡಿಸುವುದರಿಂದ ಎಲ್ಲರಿಗೂ ಲಾಭವಾಗಿಲ್ಲ. ಇಬ್ಬರು ಅಲ್ಲೇ ಸಿಕ್ಕಿಕೊಂಡು ಪ್ರಬಂಧವನ್ನೇ ಬಿಟ್ಟರು.

ಕೊನೆಯ ಪ್ರತಿಯನ್ನು ಬೈಂಡಿಂಗಿಗೆ ಕೊಡುವ ಹಿಂದಿನ ಸಂಜೆ ನಾನು ಆ ಮಳಿಗೆಗೆ ಹೋಗಿದ್ದೆ. ಶಟರು ಅರ್ಧ ಇಳಿಸಿದ್ದರು. ಅಪ್ಪ ಕರಡು ಹಿಡಿದು ಗಟ್ಟಿಯಾಗಿ ಓದುತ್ತಿದ್ದರು, ಮಗಳು ಮುದ್ರಿತ ಪ್ರತಿಯ ಮೇಲೆ ಬೆರಳಿಟ್ಟು ಹೂಂ ಅನ್ನುತ್ತಿದ್ದಳು. ಇಸವಿ ಬಂದಲ್ಲೆಲ್ಲ ಎರಡು ಸಲ. ಬಾರ್ಟಲ್ಬಿ ಜೈಲಿನ ಅಂಗಳದಲ್ಲಿ ಗೋಡೆಯ ಬುಡಕ್ಕೆ ಮುದುಡಿ ಮಲಗಿ ಸತ್ತಿರುವ ಭಾಗ ಬಂದಾಗ ಅವರು ಕನ್ನಡಕ ತೆಗೆದರು.

“ಅಲ್ಲಮ್ಮ, ಇಷ್ಟು ದಿನದಲ್ಲಿ ಆ ವಕೀಲರು ಒಂದು ಸಲಾನೂ ಇವನನ್ನ ಮನೆಗೆ ಕರೀಲಿಲ್ವಾ?”

“ಕರೆದ್ರು ಅಪ್ಪ. ಆಫೀಸು ಬದಲಾಯಿಸಿದ ಮೇಲೆ. ಹಳೇ ಕಟ್ಟಡದ ಮೆಟ್ಟಿಲ ಕಟಕಟೆ ಮೇಲೆ ಕೂತಿದ್ದನಲ್ಲ, ಆಗ. ಇಪ್ಪತ್ತೊಂದನೇ ಪುಟದಲ್ಲಿ ಓದಿದ್ರಿ.”

ಅವರು ಇಪ್ಪತ್ತೊಂದನೇ ಪುಟಕ್ಕೆ ಹಿಂತಿರುಗಿಸಿ ನೋಡಿಕೊಂಡು, ಕನ್ನಡಕ ಹಾಕಿಕೊಂಡು, ನಿಲ್ಲಿಸಿದ್ದ ಸಾಲಿನಿಂದ ಮತ್ತೆ ಓದಲು ಶುರು ಮಾಡಿದರು.